ಕೊನೆಯ ‘ಇಲ್ಲ’ ಕೇಳಿಸಬೇಕು: ವಿಡಿಯೋದಲ್ಲಿ ಡಾಕ್ಟರನ್ನು ಕಾಣುವ ಬಗ್ಗೆ

(ಸಾಗರದ ಹತ್ತಿರದ ಊರೊಂದರ ಸಮುದಾಯ ಭವನದಲ್ಲಿ ಆಡಿದ ಮಾತುಗಳ ಬರಹ ರೂಪ. ಕೇಳಲು ಬಂದವರಲ್ಲಿ ಹಿರಿಯರೇ ಜಾಸ್ತಿ. ಜೊತೆಗೆ ಆಶಾ ಕಾರ್ಯಕರ್ತೆಯರು, ಮೂರ್ನಾಲ್ಕು ಜನ ಯುವ ವೈದ್ಯರು ಇದ್ದರು.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಘಟನೆ ಹೇಳುತ್ತೇನೆ. 2020ರ ಮಳೆಗಾಲ. ಆಸ್ಪತ್ರೆಗೆ ಬರಲು ಜನ ಹೆದರುತ್ತಿದ್ದ ಕಾಲ. ನಾನು ಆಗಷ್ಟೇ ವಿಡಿಯೋ ಕರೆಯಲ್ಲಿ ರೋಗಿಗಳನ್ನು ನೋಡಲು ಶುರು ಮಾಡಿದ್ದೆ. ಒಬ್ಬ ತಾಯಿ, ಅರವತ್ತು ದಾಟಿದವರು, ಬಿಪಿಗೆ ಎಷ್ಟೋ ವರ್ಷದಿಂದ ಮಾತ್ರೆ ನುಂಗುವವರು. ಮನೆಯ ಯಂತ್ರದಲ್ಲಿ ಬಿಪಿ ಜಾಸ್ತಿ ತೋರಿಸುತ್ತಿದೆ ಅಂದರು. "ಮಾತ್ರೆ ತಗೊಂಡಿದೀರಾ ಅಮ್ಮ?" ಅಂತ ಕೇಳಿದೆ. "ತಗೊಂಡಿ..." ಅಂತ ಕೇಳಿಸಿತು. ಮುಂದಿನದು ನೆಟ್‌ವರ್ಕಿನಲ್ಲಿ ಹೋಯಿತು. ನಾನು ‘ತಗೊಂಡಿದೀನಿ’ ಅಂತ ಅಂದುಕೊಂಡೆ. ಮಾತ್ರೆ ತೆಗೆದುಕೊಂಡರೂ ಇಷ್ಟು ಬಿಪಿ ಇದೆಯೆಂದರೆ ಇನ್ನೊಂದು ಮಾತ್ರೆ ಸೇರಿಸಬೇಕು ಅಂತ ಬರೆಯಲು ಕೂತೆ.

ಅಷ್ಟರಲ್ಲಿ ಹಿಂದಿನಿಂದ ಸೊಸೆಯ ದನಿ ಬಂತು. "ಡಾಕ್ಟ್ರೇ, ಅತ್ತೆ ನಾಲ್ಕು ದಿನದಿಂದ ಮಾತ್ರೆನೇ ತಗೊಂಡಿಲ್ಲ. ಖಾಲಿ ಆಗಿದೆ."

ಆ ತಾಯಿ ಹೇಳಿದ್ದೂ ಅದೇ. ‘ತಗೊಂಡಿಲ್ಲ.’ ನನಗೆ ಕೇಳಿಸದೆ ಹೋದದ್ದು ಒಂದೇ ಅಕ್ಷರ. ಅವರಿಗೆ ಬೇಕಿದ್ದದ್ದು ಹಳೆಯ ಮಾತ್ರೆಯೇ. ಸೊಸೆ ಅಲ್ಲಿ ಇರದಿದ್ದರೆ ಬೇಡದ ಮಾತ್ರೆಯೊಂದು ಅವರ ಹೊಟ್ಟೆ ಸೇರುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ನಾನು ಈ ವಿಷಯ ಗಮನಿಸತೊಡಗಿದೆ. ನಮ್ಮ ಕನ್ನಡದಲ್ಲಿ ‘ಇಲ್ಲ’ ಬರುವುದು ಮಾತಿನ ಕೊನೆಗೆ. ತಗೊಂಡಿದೀನಿ, ತಗೊಂಡಿಲ್ಲ. ಬಂದಿದೆ, ಬಂದಿಲ್ಲ. ನೋಯುತ್ತೆ, ನೋಯಲ್ಲ. ಮುಕ್ಕಾಲು ಪಾಲು ಮಾತು ಒಂದೇ, ಅರ್ಥ ಮಾತ್ರ ಪೂರಾ ತಿರುಗಾಮುರುಗಾ. ಜೊತೆಗೆ ನಾವು ಮಾತು ಮುಗಿಸುವಾಗ ದನಿ ಇಳಿಸುತ್ತೇವೆ. ವಯಸ್ಸಾದವರದ್ದು ಇನ್ನೂ ಇಳಿಯುತ್ತದೆ. ಕರೆಯ ಆ್ಯಪ್‌ಗಳು ಹಿನ್ನೆಲೆಯ ಗದ್ದಲ ಕಡಿಮೆ ಮಾಡಲು ಹೋಗಿ ಮೆಲುದನಿಯನ್ನೂ ಒಂದೊಂದು ಸಲ ಕತ್ತರಿಸಿಬಿಡುತ್ತವೆ. ಅಂದರೆ ನಮ್ಮ ಮಾತಿನಲ್ಲಿ ಯಾವುದು ಅತಿ ಮುಖ್ಯವೋ ಅದೇ ಮೊದಲು ಕಳೆದುಹೋಗುತ್ತದೆ.

ಹಾಗಾಗಿ ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಮುಖ್ಯವಾಗಿ ಒಂದೇ. ವಿಡಿಯೋ ಭೇಟಿ ಅಂದ ತಕ್ಷಣ ಎಲ್ಲರೂ ಚಿತ್ರದ ಬಗ್ಗೆ ಯೋಚಿಸುತ್ತಾರೆ. ಒಳ್ಳೆ ಕ್ಯಾಮೆರಾ, ದೊಡ್ಡ ಪರದೆ. ಆದರೆ ಮೊದಲು ಸರಿಮಾಡಬೇಕಾದ್ದು ಧ್ವನಿ. ಚಿತ್ರ ಮಸುಕಾದರೆ ಮಸುಕಾಗಿದೆ ಅಂತ ನನಗೆ ಗೊತ್ತಾಗುತ್ತದೆ, ಇನ್ನೊಮ್ಮೆ ತೋರಿಸಿ ಅನ್ನುತ್ತೇನೆ. ಧ್ವನಿ ತಪ್ಪಿದರೆ ತಪ್ಪಿದೆ ಅಂತಲೇ ಗೊತ್ತಾಗುವುದಿಲ್ಲ.

ಇದಕ್ಕೆ ಖರ್ಚು ಕಡಿಮೆ. ತಂತಿ ಇರುವ ಸಾಧಾರಣ ಇಯರ್‌ಫೋನ್ ಸಾಕು. ಅದರ ಮೈಕು ಬಾಯಿಯ ಹತ್ತಿರವೇ ತೂಗಾಡುತ್ತದೆ. ಇಯರ್‌ಫೋನ್ ಇಲ್ಲದಿದ್ದರೆ ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಹೆಚ್ಚಿನ ಫೋನುಗಳಲ್ಲಿ ಮಾತು ಹಿಡಿಯುವ ಸಣ್ಣ ತೂತು ಕೆಳ ಅಂಚಿನಲ್ಲಿರುತ್ತದೆ, ಹೆಬ್ಬೆರಳು ಸರಿಯಾಗಿ ಅಲ್ಲೇ ಕೂರುತ್ತದೆ. ಮೇಜಿನ ಮೇಲೆ ಅಕ್ಕಿ ಡಬ್ಬಿಗೋ ದಪ್ಪ ಪುಸ್ತಕಕ್ಕೋ ಒರಗಿಸಿ ಇಡಿ. ಮುಖದ ಎತ್ತರಕ್ಕೆ ಬರಲಿ, ಒಂದು ಮೊಳ ದೂರ ಇರಲಿ. ಫ್ಯಾನು, ಟಿವಿ, ಮಿಕ್ಸಿ ಆರಿಸಿ. ಕುಕ್ಕರ್ ಇಟ್ಟಿದ್ದರೆ ಹದಿನೈದು ನಿಮಿಷ ಬಿಟ್ಟು ಇಡಿ. ಹಂಚಿನ ಮನೆಯಲ್ಲಿ ಜೋರು ಮಳೆ ಬಂದರೆ ಏನೂ ಕೇಳಿಸುವುದಿಲ್ಲ, ಅದು ನಮಗೆಲ್ಲ ಗೊತ್ತು. ಆಗ "ಅರ್ಧ ಗಂಟೆ ಬಿಟ್ಟು ಮಾಡೋಣ" ಅಂತ ಡಾಕ್ಟರಿಗೆ ಹೇಳಿ. ಅದರಲ್ಲಿ ಸಂಕೋಚ ಬೇಡ.

ಕಿವಿಗೆ ಯಂತ್ರ ಹಾಕುವವರು ಕರೆಯ ಹೊತ್ತಿಗೆ ಅದನ್ನು ತೆಗೆದಿಡಬೇಡಿ. ಎಷ್ಟೋ ಜನ ‘ಮನೆಯಲ್ಲೇ ಇದ್ದೇನಲ್ಲ’ ಅಂತ ತೆಗೆದಿಟ್ಟಿರುತ್ತಾರೆ.

ಈಗ ವೈದ್ಯ ಮಿತ್ರರಿಗೆ ಒಂದು ಮಾತು. "ಕೇಳಿಸ್ತಾ ಇದೆಯಾ?" ಅಂತ ಕೇಳಿದರೆ ನಮ್ಮ ಜನ "ಹೂಂ" ಅನ್ನುತ್ತಾರೆ. ಕೇಳಿಸದಿದ್ದರೂ ಮರ್ಯಾದೆಗೆ ಅನ್ನುತ್ತಾರೆ. ಅದನ್ನು ನಂಬಬೇಡಿ. ‘ಹೌದು’, ‘ಇಲ್ಲ’ ಅಂತ ಉತ್ತರ ಬರುವ ಪ್ರಶ್ನೆಯನ್ನೇ ಆದಷ್ಟು ಕಡಿಮೆ ಮಾಡಿ. "ಮಾತ್ರೆ ತಗೊಂಡಿದೀರಾ?" ಅನ್ನುವ ಬದಲು "ಕೊನೆಗೆ ಮಾತ್ರೆ ತಗೊಂಡಿದ್ದು ಯಾವತ್ತು?" ಅಂತ ಕೇಳಿ. "ಸೋಮವಾರ" ಅಂದರೆ ಅದರ ಕೊನೆ ಅಕ್ಷರ ಹೋದರೂ ಅರ್ಥ ತಿರುಗುವುದಿಲ್ಲ. "ಶೀಟಿನಲ್ಲಿ ಇನ್ನು ಎಷ್ಟು ಮಾತ್ರೆ ಉಳಿದಿದೆ, ತೋರಿಸಿ" ಅನ್ನಿ. ಅದು ಇನ್ನೂ ಒಳ್ಳೆಯದು. ಕರೆ ಮುಗಿಸುವ ಮೊದಲು "ನಾನು ಹೇಳಿದ್ದನ್ನ ನೀವೊಮ್ಮೆ ಹೇಳಿ ನೋಡೋಣ" ಅನ್ನಿ. ‘ಅರ್ಧ’ ಅಂದದ್ದು ‘ಎರಡು’ ಅಂತ ಕೇಳಿಸಿರಬಹುದು. ಇದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಆ ಸೊಸೆಯ ಮಾತು ಕೇಳಿದ ದಿನದಿಂದ ನಾನು ಆ ನಿಮಿಷವನ್ನು ಒಮ್ಮೆಯೂ ಉಳಿಸಲು ಹೋಗಿಲ್ಲ.

ದೂರದಿಂದ ವೈದ್ಯ ಮಾಡುವುದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಇಂಥ ಉಪಗ್ರಹ ಇರುವುದು ನೆಲದಿಂದ ಸುಮಾರು 36,000 ಕಿಲೋಮೀಟರ್ ಮೇಲೆ. ಮಾತು ಅಷ್ಟು ಮೇಲೆ ಹೋಗಿ ಅಷ್ಟೇ ಕೆಳಗೆ ಬರಬೇಕು. ಬೆಳಕಿನ ವೇಗದಲ್ಲಿ ಹೋದರೂ ಕಾಲು ಸೆಕೆಂಡು ಹತ್ತಿರ ಬೇಕು. ನಮ್ಮ ಉತ್ತರ ಅವರಿಗೆ ತಲುಪಲು ಇನ್ನೊಂದು ಕಾಲು ಸೆಕೆಂಡು. ಅಷ್ಟರಲ್ಲಿ ಆಚೆಯವರು ‘ಇವರು ಸುಮ್ಮನಿದ್ದಾರೆ’ ಅಂದುಕೊಂಡು ಮತ್ತೆ ಮಾತು ಶುರು ಮಾಡುತ್ತಾರೆ. ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತದೆ. ಈಗಿನ ಮೊಬೈಲ್ ಕರೆ ಉಪಗ್ರಹಕ್ಕೆ ಹೋಗುವುದಿಲ್ಲ, ತಡ ಕಡಿಮೆ. ಆದರೂ ಸಿಗ್ನಲ್ ಸೊರಗಿದಾಗ ಹೀಗೇ ಆಗುತ್ತದೆ. ಒಬ್ಬರು ಮುಗಿಸಿದ ಮೇಲೆ ಒಂದು ಉಸಿರು ಬಿಟ್ಟು ಇನ್ನೊಬ್ಬರು ಮಾತಾಡಿದರೆ ಅರ್ಧ ತೊಂದರೆ ಇಲ್ಲವಾಗುತ್ತದೆ.

ನೆಟ್‌ವರ್ಕ್ ಬಗ್ಗೆ ಜನ ಕೇಳುವುದು ಒಂದೇ, "ಸ್ಪೀಡ್ ಎಷ್ಟಿರಬೇಕು?" ಸಾಧಾರಣ ವಿಡಿಯೋ ಕರೆಗೆ ಒಂದು ಎಂಬಿಪಿಎಸ್ ಆಸುಪಾಸು ಇದ್ದರೆ ನಡೆಯುತ್ತದೆ. ಆದರೆ ಅದು ಎರಡೂ ಕಡೆಗೆ ಬೇಕು. ಸಿನಿಮಾ ನೋಡುವಾಗ ಡೇಟಾ ನಮ್ಮ ಕಡೆ ಬಂದರೆ ಸಾಕು. ಇಲ್ಲಿ ನಮ್ಮ ಮುಖ, ಮಾತು ಆ ಕಡೆ ಹೋಗಬೇಕು. ಅಪ್‌ಲೋಡ್ ಅನ್ನುವುದು ಅದನ್ನೇ. ಸಿನಿಮಾ ಚೆನ್ನಾಗಿ ಓಡುವ ಮನೆಯಲ್ಲೇ ವಿಡಿಯೋ ಕರೆ ಮುಗ್ಗರಿಸುವುದು ಇದಕ್ಕೇ. ಮನೆಯಲ್ಲಿ ಬೇರೆಯವರು ಆ ಹೊತ್ತಿನಲ್ಲಿ ಫೋಟೋ, ವಿಡಿಯೋ ಕಳಿಸುತ್ತಿದ್ದರೆ ಸ್ವಲ್ಪ ನಿಲ್ಲಿಸಲು ಹೇಳಿ.

ವೈಫೈ ಇದ್ದರೆ ರೂಟರ್ ಇರುವ ಕೋಣೆಯಲ್ಲೇ ಕೂರಿ. ನಮ್ಮ ಹಳೆ ಮನೆಗಳ ಮಣ್ಣಿನ ದಪ್ಪ ಗೋಡೆ ದಾಟಿ ಅದು ಬರುವುದು ಕಷ್ಟ. ಕರೆಂಟ್ ಹೋದರೆ ರೂಟರೂ ಹೋಯಿತು. ಇನ್‌ವರ್ಟರ್ ಇರುವವರು ರೂಟರಿನ ಪ್ಲಗ್ಗನ್ನು ಅದರ ಲೈನಿಗೆ ಸೇರಿಸಿ. ಇಲ್ಲದವರು ಕರೆಗೆ ಮೊದಲು ಮೊಬೈಲ್ ಡೇಟಾ ಇದೆಯಾ ಅಂತ ನೋಡಿಕೊಳ್ಳಿ. ಫೋನ್ ಚಾರ್ಜ್ ಮಾಡಿಟ್ಟಿರಿ. ಆ್ಯಪ್ ಮೊದಲ ಸಲ ತೆರೆದಾಗ ಕ್ಯಾಮೆರಾ, ಮೈಕ್ ಬಳಸಲು ಅನುಮತಿ ಕೇಳುತ್ತದೆ. ಅಲ್ಲಿ ಬೇಡ ಅಂತ ಒತ್ತಿ, ಆಮೇಲೆ ಡಾಕ್ಟರಿಗೆ ಕೇಳಿಸುವುದೇ ಇಲ್ಲ ಅಂತ ಒದ್ದಾಡುವವರನ್ನು ತುಂಬಾ ನೋಡಿದ್ದೇನೆ. ಹಿಂದಿನ ದಿನವೇ ಮಗನಿಗೋ ಪಕ್ಕದ ಮನೆಯವರಿಗೋ ಒಂದು ವಿಡಿಯೋ ಕರೆ ಮಾಡಿ ನೋಡಿ.

ಕರೆ ಕಡಿದರೆ ಏನು ಮಾಡಬೇಕು ಅಂತ ಮೊದಲೇ ಮಾತಾಡಿಕೊಳ್ಳಬೇಕು. ನಾನು ಶುರುವಿನಲ್ಲೇ ಹೇಳುತ್ತೇನೆ: "ಕಟ್ ಆದರೆ ನಾನೇ ಸಾದಾ ಫೋನ್ ಮಾಡ್ತೀನಿ, ನೀವು ಮಾಡಬೇಡಿ." ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಮಾಡಿ ಎರಡೂ ಕಡೆ ಬ್ಯುಸಿ ಬರುತ್ತದೆ. ಇನ್ನೊಂದು ಪ್ರಶ್ನೆಯನ್ನೂ ಆಗಲೇ ಕೇಳುತ್ತೇನೆ. "ನೀವೀಗ ಎಲ್ಲಿದೀರಿ?" ಇದು ಕುಶಲ ಕೇಳುವ ಮಾತಲ್ಲ. ಮಾತಾಡುತ್ತಾ ಆಡುತ್ತಾ ರೋಗಿ ಕುಸಿದುಬಿದ್ದರೆ 108 ಆಂಬುಲೆನ್ಸ್ ಯಾವ ಊರಿನ ಯಾವ ಮನೆಗೆ ಹೋಗಬೇಕು? ಚೀಟಿಯಲ್ಲಿ ಸಾಗರದ ವಿಳಾಸ ಇರುತ್ತದೆ, ಅವರು ಮಗಳ ಮನೆಗೆ ಶಿರಸಿಗೆ ಹೋಗಿರುತ್ತಾರೆ.

ನೆಟ್‌ವರ್ಕ್ ತೀರಾ ಸೊರಗಿದರೆ ವಿಡಿಯೋ ನಿಲ್ಲಿಸಿ ಬರೀ ಮಾತು ಇಟ್ಟುಕೊಳ್ಳಿ. ನೋಡಲೇಬೇಕಾದ ಹೊತ್ತಿಗೆ ಎರಡು ನಿಮಿಷ ವಿಡಿಯೋ ಹಾಕಿದರೆ ಆಯಿತು.

ಇನ್ನು ಬೆಳಕು. ಕಿಟಕಿಗೋ ಬಾಗಿಲಿಗೋ ಮುಖ ಮಾಡಿ ಕೂರಿ. ಬೆನ್ನು ಮಾಡಿ ಕೂತರೆ ನನಗೆ ಕಾಣುವುದು ಒಂದು ಕಪ್ಪು ನೆರಳು ಮಾತ್ರ. ಸಾಧ್ಯವಾದರೆ ಹಗಲಿನಲ್ಲೇ ಸಮಯ ತೆಗೆದುಕೊಳ್ಳಿ. ಹಳದಿ ಬಲ್ಬಿನ ಕೆಳಗೆ ಕಾಮಾಲೆ ಗೊತ್ತಾಗುವುದಿಲ್ಲ. ಎಲ್ಲವೂ ಹಳದಿಯಾಗಿದ್ದಾಗ ಕಣ್ಣಿನ ಹಳದಿ ಅದರೊಳಗೆ ಅಡಗಿಬಿಡುತ್ತದೆ. ಹಗಲು ಬೆಳಕಿನಲ್ಲಿ, ಮುಖದ ಪಕ್ಕ ಒಂದು ಬಿಳಿ ಹಾಳೆ ಹಿಡಿದರೆ ಕಣ್ಣಿನ ಬಿಳಿ ನಿಜವಾಗಿ ಬಿಳಿಯೋ ಅಲ್ಲವೋ ತಿಳಿಯುತ್ತದೆ. ಕೈಯಲ್ಲಿ ಕಾಗದ ಹಿಡಿಸಿ ನೋಡುವ ಈ ಅಭ್ಯಾಸ ನನಗೆ ತುಂಬಾ ಸಲ ಸಹಾಯ ಮಾಡಿದೆ.

ಚರ್ಮದ ಮೇಲಿನ ಗುಳ್ಳೆ, ಕಜ್ಜಿ, ಗಾಯ ಇದ್ದರೆ ವಿಡಿಯೋದಲ್ಲಿ ತೋರಿಸುವುದಕ್ಕಿಂತ ಮೊದಲೇ ಫೋಟೋ ತೆಗೆದು ಕಳಿಸಿ. ವಿಡಿಯೋ ಚಿತ್ರವನ್ನು ಫೋನು ಹಿಂಡಿ ಹಿಂಡಿ ಕಳಿಸುತ್ತದೆ, ಸಣ್ಣ ಗುರುತು ಉಳಿಯುವುದಿಲ್ಲ. ಫೋಟೋಗೆ ಫೋನಿನ ಹಿಂದಿನ ಕ್ಯಾಮೆರಾ ಬಳಸಿ, ಫ್ಲ್ಯಾಶ್ ಬೇಡ. ಒಂದು ಹತ್ತಿರದಿಂದ, ಒಂದು ದೂರದಿಂದ. ದೂರದ್ದು ಯಾಕೆ ಅಂದರೆ ಅದು ಮೊಣಕೈಯೋ ಮೊಣಕಾಲೋ ಅಂತ ತಿಳಿಯಬೇಕಲ್ವಾ? ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಗಾತ್ರ ಗೊತ್ತಾಗುತ್ತದೆ. ಲ್ಯಾಬ್ ರಿಪೋರ್ಟನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ನಾಲ್ಕೂ ಮೂಲೆ ಕಾಣುವ ಹಾಗೆ ತೆಗೆಯಿರಿ. ಹೆಸರು, ತಾರೀಖು ಓದಲು ಬರಬೇಕು. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಅಕ್ಷರ ಮಸುಕಾಗುವುದಿಲ್ಲ. ಮನೆಯವರ ಗುಂಪಿಗೆ ಹೋಗದ ಹಾಗೆ ಎರಡು ಸಲ ನೋಡಿ ಕಳಿಸಿ.

ಮಾತ್ರೆಯ ಶೀಟನ್ನು ಕ್ಯಾಮೆರಾಗೆ ತಾಗಿಸಿ ಹಿಡಿದರೆ ಕಾಣುವುದಿಲ್ಲ. ಒಂದು ಗೇಣು ದೂರ ಹಿಡಿದು, ಹಿಂದೆ ಅಂಗೈ ಇಟ್ಟುಕೊಳ್ಳಿ. ನಿಮ್ಮ ಪರದೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕಾಣಬಹುದು. ಗಾಬರಿ ಬೇಡ, ನಮಗೆ ಸರಿಯಾಗೇ ಕಾಣುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ವಿಶೇಷ ಮಾತು. ಅಂಗಾಲು ತೋರಿಸಿ. ಡಾಕ್ಟರು ಕೇಳದಿದ್ದರೂ ತೋರಿಸಿ. ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ತೋಟಕ್ಕೆ ಹೋಗಿ ಬರುವ ಕಾಲು ಅದು. ಕಾಲು ಊದಿದೆ ಅನಿಸಿದರೆ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಮೇಲೆ ಬೆರಳಿಟ್ಟು ಕೆಲವು ಸೆಕೆಂಡು ಒತ್ತಿ ತೆಗೆಯಿರಿ. ಗುಳಿ ಬಿದ್ದರೆ ಆ ಗುಳಿಯನ್ನು ನಮಗೆ ತೋರಿಸಿ. ನಿಮ್ಮ ಬೆರಳೇ ಆಗ ನಮ್ಮ ಬೆರಳು.

ಬಿಪಿ ನೋಡುವ ಕ್ರಮ ಹೇಳಿಬಿಡುತ್ತೇನೆ, ಯಾಕೆಂದರೆ ವಿಡಿಯೋದಲ್ಲಿ ನಮ್ಮ ತೀರ್ಮಾನವೆಲ್ಲ ನೀವು ಹೇಳುವ ಸಂಖ್ಯೆಯ ಮೇಲೆ ನಿಂತಿರುತ್ತದೆ. ಅದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ ಬೇಡ, ಹೊಗೆಸೊಪ್ಪು ಹಾಕಿದ ಕವಳವೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂರಿ. ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ, ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲಿಡಿ. ನೋಡುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಬೆರಳಿಗೆ ಹಾಕುವ ಆಕ್ಸಿಮೀಟರಾದರೆ ಉಗುರಿನ ಬಣ್ಣ ತೆಗೆಯಿರಿ, ತಣ್ಣಗಿರುವ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಸಂಖ್ಯೆ ಚೆನ್ನಾಗಿದ್ದರೂ ಏದುಸಿರು ಇದ್ದರೆ ಸಂಖ್ಯೆಯನ್ನು ನಂಬಬೇಡಿ.

ಈಗ ನನಗೆ ತುಂಬಾ ಮುಖ್ಯ ಅನಿಸುವ ಒಂದು ವಿಷಯ. ಕೋಣೆಯಲ್ಲಿ ಯಾರಿದ್ದಾರೆ?

ಆಸ್ಪತ್ರೆಯಲ್ಲಿ ನಾನು "ನೀವು ಸ್ವಲ್ಪ ಹೊರಗಿರಿ" ಅಂತ ಜೊತೆಗೆ ಬಂದವರಿಗೆ ಹೇಳಬಹುದು. ವಿಡಿಯೋದಲ್ಲಿ ಕ್ಯಾಮೆರಾದ ಆಚೆ ಯಾರಿದ್ದಾರೆ ಅಂತ ನನಗೆ ಕಾಣುವುದಿಲ್ಲ. ಒಳಗೆ ಕತ್ತಲೆ ಅಂತ ಜಗುಲಿಗೆ ಬಂದು ಕೂತರೆ ಬೆಳಕು ಸಿಗುತ್ತದೆ, ಆದರೆ ದಾರಿಯಲ್ಲಿ ಹೋಗುವವರಿಗೆಲ್ಲ ಕೇಳಿಸುತ್ತದೆ. ಮುಟ್ಟಿನ ತೊಂದರೆ, ಗಂಡನ ಕುಡಿತ, ಮನಸ್ಸಿನ ಬೇಸರ, ಇವನ್ನು ಫೋನ್ ಹಿಡಿದುಕೊಂಡ ಮೈದುನನ ಮುಂದೆ ಹೇಗೆ ಹೇಳುತ್ತಾರೆ? ಇಯರ್‌ಫೋನ್ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಕನಿಷ್ಠ ನನ್ನ ಪ್ರಶ್ನೆಯಾದರೂ ಬೇರೆಯವರಿಗೆ ಕೇಳಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಮಾತ್ರ ನಾನು ‘ಹೂಂ’, ‘ಉಹೂಂ’ ಅಂತ ಉತ್ತರ ಕೊಡುವಂಥ ಪ್ರಶ್ನೆ ಕೇಳುತ್ತೇನೆ. ಆಗಲೇ ಹೇಳಿದ್ದಕ್ಕೆ ಇದು ವಿರುದ್ಧ ಅಂತ ಗೊತ್ತು. ತಲೆಯಾಡಿಸುವುದು ಕಾಣುತ್ತಿರಬೇಕು, ಕಾಣದಿದ್ದರೆ ಎರಡು ಸಲ ಕೇಳಬೇಕು. ನನ್ನ ಕಡೆ ಯಾರಿದ್ದಾರೆ ಅಂತ ನಾನೂ ಹೇಳಬೇಕು. ನರ್ಸ್ ಪಕ್ಕದಲ್ಲಿದ್ದರೆ "ಇವರಿದ್ದಾರೆ, ಪರವಾಗಿಲ್ವಾ?" ಅಂತ ಕೇಳುವುದು ನನ್ನ ಕರ್ತವ್ಯ. ಹೇಳದೆ ರೆಕಾರ್ಡ್ ಮಾಡುವುದಂತೂ ಯಾರೂ ಮಾಡಬಾರದು.

ಮನಸ್ಸಿನ ವಿಷಯ ಬಂತಲ್ಲ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ. ಸಂಖ್ಯೆ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾಯಿತು. ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ, ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಅದರ ಪ್ರಕಾರ ನೋಂದಾಯಿತ ವೈದ್ಯರು ಮಾತ್ರ ಹೀಗೆ ಚಿಕಿತ್ಸೆ ಕೊಡಬಹುದು. ಅವರು ಕೊಡುವ ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು, ಅದನ್ನು ನೋಡಿ. ಪ್ಯಾರಾಸಿಟಮಾಲ್, ಓಆರ್‌ಎಸ್ ಥರದವನ್ನು ಬರೀ ಫೋನಿನ ಮಾತಿನಲ್ಲೂ ಬರೆದುಕೊಡಬಹುದು. ಕೆಲವು ಔಷಧಗಳಿಗೆ ಮೊದಲ ಭೇಟಿ ವಿಡಿಯೋದಲ್ಲೇ ಆಗಬೇಕು. ಮಾರ್ಫಿನ್ ಥರದ ಮಾದಕ ಗುಣದ ಔಷಧ ಬರೆಯುವ ಹಾಗಿಲ್ಲ. "ಬರೆದುಕೊಡಲ್ಲ" ಅಂತ ಡಾಕ್ಟರು ಹೇಳಿದರೆ ಅದು ಹಟವಲ್ಲ. ಮಕ್ಕಳನ್ನು ತೋರಿಸುವಾಗ ದೊಡ್ಡವರು ಜೊತೆಗಿರಬೇಕು. ಮಧ್ಯದಲ್ಲಿ ಯಾವಾಗ ಬೇಕಾದರೂ "ಇದು ವಿಡಿಯೋದಲ್ಲಿ ಆಗಲ್ಲ, ನೇರ ಬನ್ನಿ" ಅಂತ ನಾವು ಹೇಳಬಹುದು. "ನಾನು ನೇರ ಬಂದು ತೋರಿಸ್ತೀನಿ" ಅಂತ ನೀವೂ ಹೇಳಬಹುದು.

ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮನೆಗಳು ನಮ್ಮಲ್ಲಿ ಜಾಸ್ತಿ. ಅವರೂ ಕರೆಗೆ ಸೇರಿಕೊಳ್ಳಲಿ, ನನಗೆ ಸಂತೋಷವೇ. ಅಪ್ಪನಿಗೆ ಮರೆತದ್ದನ್ನು ಮಗಳು ನೆನಪಿಸುತ್ತಾಳೆ. ಆದರೆ ಮೊದಲು ಅಪ್ಪನ ಒಪ್ಪಿಗೆ ಬೇಕು, ಮೊದಲ ಐದು ನಿಮಿಷ ಅಪ್ಪನೇ ಮಾತಾಡಲಿ. ಆ ಮಕ್ಕಳು ಇನ್ನೊಂದು ಕೇಳುತ್ತಾರೆ, "ನಾನು ಇಲ್ಲಿಂದಲೇ ನಿಮಗೆ ತೋರಿಸಿಕೊಳ್ಳಬಹುದಾ?" ಅಂತ. ನಮ್ಮ ಮಾರ್ಗಸೂಚಿ ಭಾರತದ ಹೊರಗಿನ ಚಿಕಿತ್ಸೆಗೆ ಅನ್ವಯಿಸುವುದಿಲ್ಲ. ಅವರು ಇರುವ ದೇಶದ ಡಾಕ್ಟರನ್ನೇ ನೋಡಬೇಕು.

ಡಾಕ್ಟರ ಹೆಸರಿನಲ್ಲಿ ಮೋಸದ ಕರೆ ಬರುವುದೂ ಇದೆ. ಲಾಗಿನ್ ಮಾಡುವಾಗ ನಿಮ್ಮ ಫೋನಿಗೆ ಬಂದ ಓಟಿಪಿಯನ್ನು ನೀವೇ ಆ್ಯಪಿನಲ್ಲಿ ಹಾಕುವುದು ಸರಿ. ಕರೆ ಮಾಡಿದ ಇನ್ನೊಬ್ಬರಿಗೆ ಅದನ್ನು ಬಾಯಿಬಿಟ್ಟು ಹೇಳುವುದು ಬೇಡವೇ ಬೇಡ. ನಿಮ್ಮ ಫೋನಿನ ಪರದೆ ಅವರಿಗೆ ಕಾಣುವ ಹಾಗೆ ಮಾಡಲು ಯಾವ ಡಾಕ್ಟರೂ ಕೇಳುವುದಿಲ್ಲ.

ಕೆಲವಕ್ಕೆ ವಿಡಿಯೋ ಬೇಡ. ಎದೆ ನೋವು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು, ಉಸಿರು ಸಿಗದಿರುವುದು, ಹಾವು ಕಚ್ಚಿದ್ದು, ಬಸುರಿಗೆ ರಕ್ತ ಹೋಗುವುದು, ಹಾಲು ಕುಡಿಯದೆ ಮಂಕಾದ ಕೂಸು. ಇವಕ್ಕೆ ನೆಟ್‌ವರ್ಕ್ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹೊರಡಿ.

ಮಾತು ಮುಗಿದ ಮೇಲೆ ಒಬ್ಬ ಅಜ್ಜಿ ಎದ್ದು ನಿಂತು ಕೇಳಿದರು. "ನಂಗೆ ಈ ಫೋನ್ ಒತ್ತಕ್ಕೇ ಬರಲ್ಲ. ಮನೆಲಿ ನಾನೊಬ್ಳೇ. ಯಾರು ಮಾಡಿಕೊಡ್ತಾರೆ?"

ಅವರಿಗೆ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ. ಇ-ಸಂಜೀವಿನಿ ಅನ್ನುವ ಸರ್ಕಾರದ ವ್ಯವಸ್ಥೆಯಲ್ಲಿ ಎರಡು ದಾರಿ ಇದೆ. ಒಂದು, ಮನೆಯಿಂದ ನಾವೇ ಡಾಕ್ಟರಿಗೆ ಕರೆ ಮಾಡುವುದು. ಇನ್ನೊಂದು, ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗುವುದು. ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಸಕ್ಕರೆ ನೋಡಿ, ಪಕ್ಕದಲ್ಲೇ ಕೂತು ಡಾಕ್ಟರಿಗೆ ವಿಡಿಯೋ ಜೋಡಿಸಿಕೊಡುತ್ತಾರೆ. ಫೋನ್ ಬಾರದವರಿಗೆ, ಕಿವಿ ಮಂದ ಇರುವವರಿಗೆ ನನ್ನ ಸಲಹೆ ಈ ಎರಡನೆಯದೇ. ಅಲ್ಲಿ ನಿಮ್ಮ ‘ಇಲ್ಲ’ವನ್ನು ಇನ್ನೊಬ್ಬರು ಎದುರಿಗೇ ಕೇಳಿಸಿಕೊಂಡಿರುತ್ತಾರೆ.

ಆಮೇಲೆ ಚಹಾದ ಹೊತ್ತಿನಲ್ಲಿ ಆಶಾ ಕಾರ್ಯಕರ್ತೆಯರು, ಅಜ್ಜ ಅಜ್ಜಿಯರು ಜೋಡಿ ಜೋಡಿಯಾಗಿ ಭವನದ ಎರಡು ತುದಿಗಳಲ್ಲಿ ಕೂತು ಒಬ್ಬರಿಗೊಬ್ಬರು ವಿಡಿಯೋ ಕರೆ ಮಾಡಿ ನೋಡಿದರು. ಆ ಅಜ್ಜಿಯ ಮಾತು ಮೊದಲು ಕೇಳಿಸಲೇ ಇಲ್ಲ. ಹೆಬ್ಬೆರಳು ಸರಿಸಿ, ಫೋನನ್ನು ಬಿಸ್ಕತ್ತಿನ ಡಬ್ಬಕ್ಕೆ ಒರಗಿಸಿದೆವು. ಆಚೆ ತುದಿಯಿಂದ ಆಶಾ ಕಾರ್ಯಕರ್ತೆ "ಇವತ್ತು ಮಾತ್ರೆ ತಗೊಂಡ್ರಾ ಅಜ್ಜಿ?" ಅಂತ ಕೇಳಿದಳು. "ತಗೊಂಡಿಲ್ಲ ಮಾರಾಯ್ತಿ, ಊಟ ಆದಮೇಲೆ" ಅಂದರು ಅಜ್ಜಿ. ಪೂರ್ತಿ ಕೇಳಿಸಿತು.